ಮಗು ಹೀಗಾಗಲು ಮನೆ ಕಾರಣವಾ, ಶಾಲೆಯಾ, ಮೊಬೈಲಾ?

ನೀವು ಕೇಳಿದ್ದು ಇಷ್ಟು: ಮಗನಿಗೆ ಎಂಟು ವರ್ಷ, ಸಿಟ್ಟು ಜಾಸ್ತಿ, ಹೇಳಿದ ಮಾತು ಕೇಳಲ್ಲ, ಮೊಬೈಲ್ ಕೆಳಗಿಡಲ್ಲ. ಇದರಲ್ಲಿ ಮನೆಯ ಪಾಲೆಷ್ಟು, ಶಾಲೆಯದೆಷ್ಟು, ಮೊಬೈಲಿನದೆಷ್ಟು? ಶಾಲೆ ಬದಲಾಯಿಸಬೇಕಾ? ಸಾಲದ್ದಕ್ಕೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ಹಿರಿಯರು ಹೆದರಿಸಿದ್ದಾರೆ.

ನಾನು ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ಆದರೂ ಹೇಳುತ್ತೇನೆ, ಈ ಪಾಲು ಹಂಚುವ ಲೆಕ್ಕ ಬಿಡಿ. ಮೂರೂ ಒಂದರೊಳಗೊಂದು ಸೇರಿಕೊಂಡಿವೆ. ಮೊಬೈಲ್ ಕೊಟ್ಟಿದ್ದು ಮನೆ, ಅದರಲ್ಲಿ ಏನು ನೋಡಬೇಕು ಅಂತ ಹೇಳಿಕೊಟ್ಟಿದ್ದು ಶಾಲೆಯ ಗೆಳೆಯ. ನಾನು ಕೇಳುವ ಪ್ರಶ್ನೆ ಬೇರೆ: ಮಗು ಏನಾದರೂ ಅಂದಾಗ ಅದಕ್ಕೆ ಉತ್ತರ ಕೊಡುವವರು ಯಾರು?

ಇದು ಯಾಕೆ ಅಷ್ಟು ಮುಖ್ಯ ಅಂದರೆ, 2003ರಲ್ಲಿ ಮಕ್ಕಳು ಮಾತು ಕಲಿಯುವುದರ ಬಗ್ಗೆ ಸಂಶೋಧನೆ ಮಾಡುವ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಂಗ್ಲಿಷ್ ಮನೆಯ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಟವಾಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸೂಕ್ಷ್ಮ ಧ್ವನಿಗಳ ವ್ಯತ್ಯಾಸ ಹಿಡಿದವು. ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ ತೋರಿಸಿದಾಗ ಏನೂ ಹತ್ತಲಿಲ್ಲ. ಟಿವಿ ಕೂಸಿನ ಮುಖ ನೋಡಿ ಮಾತು ನಿಲ್ಲಿಸುವುದಿಲ್ಲ, ಕೂಸು ಕೈ ತೋರಿಸಿದ ಕಡೆ ತಿರುಗುವುದೂ ಇಲ್ಲ, ಅಲ್ವಾ?

ಹಾಗಾದರೆ ಪರದೆಯಿಂದ ಮಕ್ಕಳು ಏನೂ ಕಲಿಯಲ್ಲ ಅಂದುಕೊಂಡು ನಿಶ್ಚಿಂತೆಯಾಗಿ ಇರಬೇಡಿ. ಕೂಸುಗಳ ಕಥೆ ಬೇರೆ, ಓಡಾಡುವ ಮಕ್ಕಳ ಕಥೆ ಬೇರೆ. 1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶಿಶುವಿಹಾರದ ಮಕ್ಕಳ ಎದುರು ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ತೋರಿಸಿದರು. ಆಮೇಲೆ ಮಕ್ಕಳೂ ಅದೇ ಸುತ್ತಿಗೆ, ಅದೇ ಏಟು, ಅದೇ ಬೈಗುಳ. 1963ರಲ್ಲಿ ಸಿನಿಮಾದಲ್ಲಿ ತೋರಿಸಿದಾಗಲೂ ಹಾಗೇ ಆಯಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 1965ರದ್ದು. ಅದರಲ್ಲಿ ಹೊಡೆದವನಿಗೆ ಶಿಕ್ಷೆ ಆಗುವುದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಸರಿ, ಪಾಠ ಕಲಿತರು ಅಂತೀರಾ? ಆಮೇಲೆ ಬಹುಮಾನ ಕೊಡುತ್ತೇವೆ, ಅವನು ಮಾಡಿದ ಹಾಗೆ ಮಾಡಿ ತೋರಿಸು ಅಂದಾಗ ಆ ಮಕ್ಕಳೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಎಲ್ಲಾ ಒಳಗೆ ಇಳಿದಿತ್ತು, ಹೊರಗೆ ಕಾಣುತ್ತಿರಲಿಲ್ಲ ಅಷ್ಟೇ. ಬೈದು ಸುಮ್ಮನಾಗಿಸಿದ ಮಗು ಕಲಿತಿಲ್ಲ ಅಂತ ಅರ್ಥವಲ್ಲ.

ಇದನ್ನು ನಾನು ಕ್ಲಾಸಿನಲ್ಲಿ ಕಣ್ಣಾರೆ ನೋಡುತ್ತೇನೆ. ಆಟದ ಪೀರಿಯಡ್‌ನಲ್ಲಿ ಮಕ್ಕಳು ಮನೆ ಆಟ ಆಡುತ್ತಾರೆ. ಒಬ್ಬಳು ಅಮ್ಮ. ಮರದ ಬಿಲ್ಲೆಯೊಂದನ್ನು ಕಿವಿಗೆ ಒತ್ತಿಕೊಂಡು, ಮಗುವಾದವನು ಸೆರಗು ಎಳೆದರೆ ಮುಖ ತಿರುಗಿಸದೆ, ಬೆರಳೆತ್ತಿ "ಒಂದ್ನಿಮಿಷ ಒಂದ್ನಿಮಿಷ" ಅಂತಾಳೆ. ಧಾಟಿ ಸಮೇತ. ಮಕ್ಕಳ ಮೊಬೈಲ್ ಬಗ್ಗೆ ದೂರು ಹೇಳುವ ನಾವು ನಮ್ಮ ಕೈಯಲ್ಲಿರುವ ಮೊಬೈಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ತಾಯಂದಿರಿಗೆ ಕೂಸಿನ ಎದುರೇ ಕೂತು ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಇರಿ ಅಂದರು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸಿಕೊಳ್ಳುತ್ತದೆ, ಅಳುತ್ತದೆ. ಮೊಬೈಲ್ ನೋಡುತ್ತಾ ಹೂಂ ಹೂಂ ಅನ್ನುವಾಗ ನಮ್ಮ ಮುಖ ಹೇಗಿರುತ್ತದೆ ಅಂತ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ.

ಶಾಲೆ ವಿಷಯ. ನಮ್ಮವರನ್ನೇ ದೂರುತ್ತೇನೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೋಸೆಂಥಾಲ್ ಮತ್ತು ಶಾಲೆಯೊಂದರ ಮುಖ್ಯಸ್ಥೆ ಜೇಕಬ್‌ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳನ್ನು ಆರಿಸಿ, "ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ" ಅಂತ ಟೀಚರ್‌ಗಳಿಗೆ ಹೇಳಿದ್ದರು. ಒಂದು ಮತ್ತು ಎರಡನೇ ತರಗತಿಯ ಅಂಥ ಮಕ್ಕಳು ನಿಜಕ್ಕೂ ಮುಂದೆ ಬಂದರು. ಆಮೇಲಿನ ಅಧ್ಯಯನಗಳಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಸ್ಟಾಫ್ ರೂಮಿನಲ್ಲಿ "ಅವನಾ? ಅವನು ಹಾಗೇ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಮಾತು ಬಂದ ಮೇಲೆ ಅವನು ಕೈ ಎತ್ತಿದರೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹುಟ್ಟು ಸ್ವಭಾವ ಅಂತಲೂ ಒಂದಿದೆ. ಅದೇ ಮನೆ, ಅದೇ ಶಾಲೆ, ಅಣ್ಣ ಒಂದು ಥರ, ತಮ್ಮ ಇನ್ನೊಂದು ಥರ. ಎಲ್ಲಾ ನಿಮ್ಮದೇ ತಪ್ಪು ಅಂತ ಕೊರಗಬೇಡಿ.

ಗಿಡ, ಮರದ ಮಾತಿಗೆ ಬರೋಣ. ಮೊದಲ ವರ್ಷಗಳು ಮುಖ್ಯ, ನಿಜ. ರುಮೇನಿಯಾದ ಅನಾಥಾಲಯಗಳ 136 ಮಕ್ಕಳ ಮೇಲೆ 2000ದಲ್ಲಿ ಶುರುವಾದ ಅಧ್ಯಯನದಲ್ಲಿ, ಸುಮಾರು ಎರಡು ವರ್ಷ ವಯಸ್ಸಿನೊಳಗೆ ಸಾಕು ಮನೆಗಳಿಗೆ ಹೋದವರು ತಡವಾಗಿ ಹೋದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಆದರೆ ಅಲ್ಲಿ ಎತ್ತಿಕೊಳ್ಳುವವರೂ ಇಲ್ಲದೆ ಬೆಳೆದ ಮಕ್ಕಳಿದ್ದರು. ನಿಮ್ಮ ಮನೆ ಅದಲ್ಲ. ಸಿಟ್ಟು ತಡೆಯುವ, ಮುಂದಾಲೋಚಿಸುವ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಎಂಟು ವರ್ಷಕ್ಕೆ ಯಾರೂ ಮರ ಆಗಿರುವುದಿಲ್ಲ.

ಅದಕ್ಕೆ ಶಾಲೆ ಬದಲಾಯಿಸುವುದು ಕೊನೆಗಿರಲಿ. ಮೊದಲು ಟೀಚರ್ ಹತ್ತಿರ ಹೋಗಿ, ಮಾರ್ಕ್ಸ್ ಬಿಟ್ಟು, "ಇವನು ಯಾರ ಜೊತೆ ಕೂರುತ್ತಾನೆ, ಯಾವಾಗ ನಗುತ್ತಾನೆ" ಅಂತ ಕೇಳಿ. ಅವರಿಗೆ ಉತ್ತರ ಗೊತ್ತಿದ್ದರೆ ಆ ಶಾಲೆ ಪರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂದಿದೆ, ಆದರೆ ನಿಮ್ಮವನು ಆ ವಯಸ್ಸು ದಾಟಿದ್ದಾನೆ. ಮೊಬೈಲ್ ಕಿತ್ತುಕೊಂಡರೆ ರಂಪ ಆಗುತ್ತದೆ, ಅಷ್ಟೇ. ಅವನು ಆಡುವ ಗೇಮನ್ನು ನನಗೂ ಹೇಳಿಕೊಡು ಅಂತ ಪಕ್ಕದಲ್ಲಿ ಕೂರಿ. ನೀವು ಸೋಲುತ್ತೀರಿ, ಅವನು ಗೇಲಿ ಮಾಡುತ್ತಾನೆ, ಮಾತು ಅಲ್ಲಿಂದ ಶುರುವಾಗುತ್ತದೆ. ಹೊತ್ತು ಎಷ್ಟು ಅನ್ನುವ ಚೌಕಾಸಿ ಅದಾದ ಮೇಲೆ ಮಾಡಿ. ನಿಯಮ ಏನೇ ಇಟ್ಟರೂ ದೊಡ್ಡವರಿಗೂ ಅದೇ ಇರಲಿ, ಊಟಕ್ಕೆ ಕೂತಾಗ ಎಲ್ಲರ ಮೊಬೈಲೂ ಇನ್ನೊಂದು ಕೋಣೆಯಲ್ಲಿ. ಮೊದಲ ವಾರ ಕದ್ದು ಎದ್ದು ಹೋಗುವುದು ಅವನಲ್ಲ, ಮನೆಯ ಹಿರಿಯರೇ, ನೋಡ್ತಾ ಇರಿ.