ಕೂಡಲಿಯಿಂದ ಮಾರಿಕಣಿವೆಗೆ: ಮೊದಲು ಹೊಳೆಯನ್ನು ನೋಡಿ

ತಮ್ಮ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ನಾಲ್ಕು ಜನ ಗೆಳೆಯರು. ತುಂಗೆ, ಭದ್ರೆ ಕೂಡುವ ಕೂಡಲಿಯಿಂದ ಹರಿಹರದವರೆಗೆ ತುಂಗಭದ್ರೆಯಲ್ಲಿ ಹುಟ್ಟು ಹಾಕಿಕೊಂಡು ಬರಬೇಕು. ಹರಿಹರದಿಂದ ದಾವಣಗೆರೆ ಮೇಲೆ ಚಿತ್ರದುರ್ಗಕ್ಕೆ ಸೈಕಲ್. ದುರ್ಗದಿಂದ ಹಿರಿಯೂರು, ಅಲ್ಲಿಂದ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟೆಗೆ ನಡಿಗೆ. ಡಯಾಲಿಸಿಸ್‌ಗೆ ಬರುವ ಹಳ್ಳಿಯವರ ಓಡಾಟದ ಖರ್ಚಿಗೆ ಹಣ ಕೂಡಿಸಬೇಕು. ಜುಲೈನಲ್ಲಿ ಹೊರಡಬಹುದಾ, ಯಾವ ಸೈಕಲ್ ಒಳ್ಳೆಯದು ಅಂತ ಕೇಳಿದ್ದೀರಿ. ಸೈಕಲ್ ಬಗ್ಗೆ ಇಲ್ಲಿ ಆಗಲೇ ಬೇಕಾದಷ್ಟು ಜನ ಹೇಳಿದ್ದಾರೆ. ಹೊಳೆಯ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಜುಲೈ ಬೇಡವೇ ಬೇಡ. ಸೈಕಲ್, ನಡಿಗೆ ಎರಡನ್ನೂ ವರ್ಷದ ಯಾವ ತಿಂಗಳಲ್ಲಾದರೂ ಹೇಗೋ ಮಾಡಬಹುದು. ಹೊಳೆ ಹಾಗಲ್ಲ. ದಿನಾಂಕ ಗೊತ್ತು ಮಾಡುವುದು ಹೊಳೆ, ನಾವಲ್ಲ. ಮಲೆನಾಡಲ್ಲಿ ಮಳೆ ಜೋರಾದರೆ ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ಗೇಟ್ ತೆರೆಯುತ್ತಾರೆ. ಆ ನೀರು ಕೂಡಲಿ ದಾಟಿ ಹೊನ್ನಾಳಿಗೆ ಬರುತ್ತದೆ, ಆಮೇಲೆ ಹರಿಹರಕ್ಕೆ. ದಾವಣಗೆರೆಯಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ತುಂಬಿರುತ್ತದೆ. ಮಾರ್ಚ್ ಹೊತ್ತಿಗೆ ಹೋದರೆ ಬಂಡೆ, ಮರಳು, ಮೊಣಕಾಲುದ್ದ ನೀರು. ದೋಣಿಯನ್ನು ನೀವೇ ಹೊತ್ತುಕೊಂಡು ಬರಬೇಕಾಗುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ನೋಡಿ. ಆಗಲೂ ಹೊರಡುವ ವಾರ ಗಾಜನೂರು ಮತ್ತು ಭದ್ರಾ ಅಣೆಕಟ್ಟೆಯಿಂದ ಎಷ್ಟು ನೀರು ಬಿಡುತ್ತಿದ್ದಾರೆ ಅಂತ ವಿಚಾರಿಸಿಯೇ ಇಳಿಯಿರಿ.

ಹೊಳೆಯಲ್ಲಿ ನೀರು ಕಡಿಮೆ ಇದ್ದರೆ ಭದ್ರಾ ನಾಲೆಯಲ್ಲಿ ಹೋಗಬಹುದಲ್ವಾ ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಆ ಯೋಚನೆಯನ್ನೇ ಬಿಡಿ. ನಾಲೆಯ ನೀರು ನೋಡಲು ಸುಮ್ಮನಿರುತ್ತದೆ, ಆದರೆ ಸೆಳೆತ ಜಾಸ್ತಿ. ಎರಡೂ ಬದಿ ಇಳಿಜಾರು ಕಾಂಕ್ರೀಟ್, ಮೇಲೆ ಪಾಚಿ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರೇ ನಾಲೆಯಲ್ಲಿ ಜೀವ ಕಳೆದುಕೊಂಡಿದ್ದಾರೆ.

ಹೊಳೆಯಲ್ಲಿ ನಾನು ಹೆದರುವುದು ಆಳಕ್ಕಲ್ಲ. ಒಂದು, ಅಡ್ಡಗಟ್ಟೆ. ಎರಡು ಅಡಿ ಎತ್ತರದಿಂದ ನೀರು ಧುಮುಕುವ ಬಾಂದಾರದ ಕೆಳಗೂ ನೀರು ಸುತ್ತಿ ಸುತ್ತಿ ಹಿಂದಕ್ಕೆ ಎಳೆಯುತ್ತದೆ. ಅದರೊಳಗೆ ಸಿಕ್ಕಿದವರು ಜಾಕೆಟ್ ಹಾಕಿದ್ದರೂ ಹೊರಗೆ ಬರುವುದು ಕಷ್ಟ. ಅಂಥ ಜಾಗ ಬರುವ ಮೊದಲೇ ದಡಕ್ಕೆ ಬನ್ನಿ, ದೋಣಿ ಹೊತ್ತುಕೊಂಡು ದಾಟಿ. ಇನ್ನೊಂದು, ಬಂಡೆ ಇರುವ ಸೆಳೆತದಲ್ಲಿ ಎದ್ದು ನಿಲ್ಲುವುದು. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರೆ ನೀರು ಬೆನ್ನ ಮೇಲೆ ಬಂದು ಮುಖ ಕೆಳಗೆ ಮಾಡಿ ಬೀಳಿಸುತ್ತದೆ. ಮೊಣಕಾಲುದ್ದ ನೀರು ಸಾಕು ಅದಕ್ಕೆ. ಬಿದ್ದರೆ ಅಂಗಾತ ಮಲಗಿ, ಕಾಲು ನೀರು ಹರಿಯುವ ಕಡೆ ಮುಂದಕ್ಕೆ ಚಾಚಿ ತೇಲಿ. ಸೆಳೆತ ಕಡಿಮೆಯಾದ ಮೇಲೆ ದಡ ಹಿಡಿಯಿರಿ. ಇದನ್ನು ನಾಲ್ಕೂ ಜನ ನಿಂತ ನೀರಿನಲ್ಲಿ ಹತ್ತು ಸಲ ಮಾಡಿ ನೋಡಬೇಕು.

ಮರಳು ತೆಗೆದ ಗುಂಡಿ, ಮೀನಿನ ಬಲೆ, ಪಂಪ್‌ಸೆಟ್ ಪೈಪು, ಕೆಲವು ಮಡುಗಳಲ್ಲಿ ಮೊಸಳೆ. ಇವೆಲ್ಲ ಎಲ್ಲೆಲ್ಲಿವೆ ಅಂತ ಮೊಬೈಲ್ ನಕ್ಷೆ ಹೇಳುವುದಿಲ್ಲ. ದಡದ ಊರುಗಳ ಅಂಬಿಗರು, ಮೀನು ಹಿಡಿಯುವವರು ಹೇಳುತ್ತಾರೆ. ಒಂದು ತಿಂಗಳು ಮೊದಲೇ ಬೈಕಿನಲ್ಲಿ ದಡ ಹಿಡಿದು ಬನ್ನಿ. ಊರಿಗೊಬ್ಬರ ನಂಬರ್ ಬರೆದುಕೊಳ್ಳಿ. ಸಾಧ್ಯವಾದರೆ ಒಬ್ಬ ಅಂಬಿಗರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಆ ದುಡ್ಡು ದಂಡ ಅಂತ ಯಾವತ್ತೂ ಅನ್ನಿಸುವುದಿಲ್ಲ. ಲೈಫ್ ಜಾಕೆಟ್ ಹಾಕಿದ ಮೇಲೆ ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲೆತ್ತಲಿ. ಅದು ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ. ಹೊರಡುವ ಮೊದಲು ಪೊಲೀಸ್ ಠಾಣೆಗೂ ತಾಲೂಕು ಕಚೇರಿಗೂ ಒಂದೊಂದು ಪತ್ರ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ.

ಸೈಕಲ್ ಭಾಗ ನಿಮಗೆ ಸುಲಭ ಅನ್ನಿಸಿದೆ. ಹರಿಹರದಿಂದ ದಾವಣಗೆರೆ 14 ಕಿ.ಮೀ., ಅಲ್ಲಿಂದ ಆನಗೋಡು, ಭರಮಸಾಗರ ಮೇಲೆ ದುರ್ಗ ಸುಮಾರು 60. ಆದರೆ ದಾವಣಗೆರೆ ಇರುವುದು 600 ಮೀಟರ್ ಎತ್ತರದಲ್ಲಿ, ದುರ್ಗ 700 ದಾಟಿದೆ. ಕಣ್ಣಿಗೆ ಕಾಣದ ಏರು ಅದು. ಡಿಸೆಂಬರ್‌ನಲ್ಲಿ ಗಾಳಿ ಮೂಡಲಿಂದ ಬೀಸುತ್ತದೆ, ನೀವು ಹೋಗುವುದು ಅದಕ್ಕೆ ಎದುರಾಗಿಯೇ. ದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬೆಳಕು ಹರಿಯುತ್ತಲೇ ಹೊರಟು ಹತ್ತು ಗಂಟೆಯೊಳಗೆ ದೂರದ ಹೆಚ್ಚಿನ ಪಾಲು ಮುಗಿಸಿ. ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಿರಿ. ಟೈರ್ ವಿಷಯದಲ್ಲಿ ಒಂದೇ ಮಾತು, ಬಳ್ಳಾರಿ ಜಾಲಿ ಮುಳ್ಳು. ರಸ್ತೆ ಬದಿ ಮಣ್ಣಿಗೆ ಸೈಕಲ್ ಇಳಿಸಬೇಡಿ, ಊಟಕ್ಕೆ ನಿಂತಾಗ ಎತ್ತಿಕೊಂಡು ಹೋಗಿ. ಒಬ್ಬೊಬ್ಬರ ಹತ್ತಿರ ಬದಲಿಗೆ ಎರಡು ಟ್ಯೂಬ್ ಇರಲಿ.

ನಿಜವಾದ ಪೆಟ್ಟು ಬೀಳುವುದು ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ. ಎರಡು ದಿನ ದೋಣಿಯಲ್ಲಿ ಕೂತರೆ ತೊಡೆಯ ಹಿಂಭಾಗ ಬಿಗಿದಿರುತ್ತದೆ, ಅಂಗೈ ಬೊಬ್ಬೆ ಎದ್ದಿರುತ್ತದೆ. ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿಯಬೇಕು. ಸೈಕಲ್ ಇಳಿದು ನಡೆದರೆ ಮೊದಲ ಅರ್ಧ ಗಂಟೆ ಕಾಲು ನಮ್ಮದಲ್ಲ ಅನ್ನಿಸುತ್ತದೆ. ಅದಕ್ಕೇ ಮೂರನ್ನೂ ಬೇರೆ ಬೇರೆ ಅಭ್ಯಾಸ ಮಾಡಬೇಡಿ. ಭಾನುವಾರ ಕೊಂಡಜ್ಜಿಗೆ ಸೈಕಲ್ ಹೊಡೆದು, ಕೂರದೆ ಹಾಗೇ ಒಂದು ಗಂಟೆ ಗುಡ್ಡದ ಸುತ್ತ ನಡೆಯಿರಿ. ಶೂ ಒಂದು ನಂಬರ್ ದೊಡ್ಡದಿರಲಿ, ದುರ್ಗದಿಂದ ಹಿರಿಯೂರಿಗೆ 40 ಕಿ.ಮೀ. ನಡೆಯುವಷ್ಟರಲ್ಲಿ ಪಾದ ಊದುತ್ತದೆ. ಉರಿ ಶುರುವಾದ ಕ್ಷಣ ನಿಂತು ಟೇಪ್ ಹಾಕಿ, ಗುಳ್ಳೆ ಏಳುವವರೆಗೆ ಕಾಯಬೇಡಿ.

ಊಟಕ್ಕೆ ಹೊಸದೇನೂ ಬೇಡ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು, ಚಿಕ್ಕಿ, ಉಪ್ಪು ಹಾಕಿದ ಮಜ್ಜಿಗೆ. ಬೆಣ್ಣೆದೋಸೆ ದಾವಣಗೆರೆಗೆ ವಾಪಸ್ ಬಂದ ಮೇಲೆ ತಿನ್ನೋಣ. ದಿನವಿಡೀ ಬೆವರಿ ಬರೀ ನೀರು ಕುಡಿದರೆ ರಕ್ತದಲ್ಲಿ ಉಪ್ಪು ಇಳಿದು ತಲೆ ಸುತ್ತು, ವಾಂತಿ ಬರುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಈಗ ಹಣದ ಮಾತು. ನನ್ನ ಅಕ್ಕ ಚನ್ನಗಿರಿ ಕಡೆಯ ಹಳ್ಳಿಯಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದರು. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಬಸ್ಸಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ನಿಜ. ಆದರೆ ಊರಿನಿಂದ ಮುಖ್ಯ ರಸ್ತೆಗೆ ಆಟೋ, ಜೊತೆಗೆ ಬರುವ ಗಂಡಸಿನ ಚಾರ್ಜು, ಅವನ ಒಂದು ದಿನದ ಕೂಲಿ, ಇವು ಹಾಗೇ ಉಳಿದವು. ನೀವು ‘ಬಸ್ ಖರ್ಚು’ ಅಂತ ಪೋಸ್ಟರ್ ಹಾಕುವ ಮೊದಲು ಹತ್ತು ಮನೆಗೆ ಹೋಗಿ ಕೇಳಿ. ಅವರಿಗೆ ಬೇಕಾಗಿರುವುದು ವಾಪಸ್ ಕರೆದುಕೊಂಡು ಹೋಗುವ ಒಂದು ಗಾಡಿ ಇರಬಹುದು.

ಹಣವನ್ನು ನಿಮ್ಮಲ್ಲಿ ಒಬ್ಬರ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಹಿಂದೆ ನಾವು ಒಂದು ಶಾಲೆಗಾಗಿ ಸೈಕಲ್ ಯಾತ್ರೆ ಮಾಡಿದಾಗ ಇದೇ ತಪ್ಪು ಮಾಡಿದೆವು. ಪೆಟ್ರೋಲ್, ಊಟ, ದೇಣಿಗೆ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋಯಿತು. ಯಾರೂ ಒಂದು ರೂಪಾಯಿ ತಿಂದಿರಲಿಲ್ಲ. ಆದರೂ ದೇಣಿಗೆ ಕೊಟ್ಟವರು ಕೇಳಿದಾಗ ಲೆಕ್ಕ ಕೂಡಲಿಲ್ಲ. ಒಳ್ಳೆಯ ಗೆಳೆಯನೊಬ್ಬ ಆ ಬೇಜಾರಿನಲ್ಲೇ ಗುಂಪು ಬಿಟ್ಟ. ಪ್ರಯಾಣದ ಖರ್ಚು ನಿಮ್ಮ ಜೇಬಿನಿಂದಲೇ ಹೋಗಲಿ. ದೇಣಿಗೆ ನೇರವಾಗಿ ನೋಂದಾಯಿತ ಸಂಸ್ಥೆಯ ಖಾತೆಗೆ ಬೀಳಲಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ಮಾನ್ಯತೆ ಅದಕ್ಕೆ ಇದೆಯಾ ನೋಡಿ. ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು, ‘ಕಿಲೋಮೀಟರಿಗೆ ಇಷ್ಟು’ ಅಂತ ದೇಣಿಗೆ ಕೇಳಬೇಡಿ. ಹಾಗೆ ಕೇಳಿದರೆ ಹೊಳೆ ಏರುತ್ತಿದ್ದರೂ ದಡಕ್ಕೆ ಬರಲು ಮನಸ್ಸು ಒಪ್ಪುವುದಿಲ್ಲ. ಕೆನಡಾದ ಟೆರ್ರಿ ಫಾಕ್ಸ್ ಮೂಳೆ ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಹುಡುಗ. 1980 ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಜನ ಕೊಡುವುದನ್ನು ನಿಲ್ಲಿಸಲಿಲ್ಲ. ಮುಂದಿನ ಫೆಬ್ರವರಿಯೊಳಗೆ 2.4 ಕೋಟಿ ಡಾಲರ್ ಸೇರಿತು. ಇಂಗ್ಲೆಂಡಿನ ಸಾರಾ ಔಟೆನ್ 2011 ರಲ್ಲಿ ಲಂಡನ್ನಿನಿಂದ ಸೈಕಲ್, ಕಯಾಕ್, ಹುಟ್ಟು ಹಾಕುವ ದೋಣಿ ಹಿಡಿದು ಭೂಮಿ ಸುತ್ತಲು ಹೊರಟರು. 2012 ರಲ್ಲಿ ಪೆಸಿಫಿಕ್‌ನ ಬಿರುಗಾಳಿಯಲ್ಲಿ ಸಿಕ್ಕಿ, ಜಪಾನಿನ ಕರಾವಳಿ ಪಡೆ ಅವರನ್ನು ಉಳಿಸಿತು. ಮುಂದಿನ ವರ್ಷ ಮತ್ತೆ ಜಪಾನಿನಿಂದಲೇ ಹೊರಟರು. 2015 ರಲ್ಲಿ ಅಟ್ಲಾಂಟಿಕ್ ನಡುವೆ ಬಿರುಗಾಳಿ ಬಂದಾಗ ದೋಣಿ ಬಿಟ್ಟು ಹಡಗು ಹತ್ತಿದರು. ಅದೇ ನವೆಂಬರ್‌ನಲ್ಲಿ ಲಂಡನ್ ಸೇರಿದರು.

ಹಾಗಾಗಿ ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಮನೆಯಲ್ಲೇ ಕೂತು ಬರೆದು ನಾಲ್ಕೂ ಜನ ಸಹಿ ಹಾಕಿ. ನೀರು ರಾತ್ರಿ ಏರಿದರೆ ಆ ದಿನ ಹೊಳೆ ಇಲ್ಲ. ಒಬ್ಬರಿಗೆ ಬೇಡ ಅನ್ನಿಸಿದರೂ ಇಳಿಯುವುದಿಲ್ಲ, ವಾದ ಇಲ್ಲ. ಹೊಳೆ ತಪ್ಪಿದರೆ ಹೊನ್ನಾಳಿಯಿಂದಲೇ ಸೈಕಲ್ ಹತ್ತುತ್ತೇವೆ ಅಂತ ದೇಣಿಗೆ ಕೊಡುವವರಿಗೂ ಮೊದಲೇ ತಿಳಿಸಿ.

ಮಾರಿಕಣಿವೆಯಲ್ಲಿ ಮುಗಿಸುವ ಯೋಚನೆ ನನಗೆ ತುಂಬಾ ಹಿಡಿಸಿತು. 1933 ರ ನಂತರ 2022 ರಲ್ಲಿ ಅದು ಕೋಡಿ ಬಿದ್ದಾಗ ಅಕ್ಕನನ್ನೂ ಕರೆದುಕೊಂಡು ಹೋಗಿ ನೋಡಿ ಬಂದಿದ್ದೆ. ಕೊನೆಯ ದಿನ ಹಿರಿಯೂರಿನಿಂದ ಸುಮಾರು 20 ಕಿ.ಮೀ. ನಿಮ್ಮ ಜೊತೆ ನಾನೂ ನಡೆಯುತ್ತೇನೆ. ಅದಕ್ಕೂ ಮೊದಲು, ಬರುವ ಭಾನುವಾರ ಬೆಳಗ್ಗೆ ಆರೂವರೆಗೆ ಹರಿಹರದ ಸೇತುವೆ ಹತ್ತಿರ ಬನ್ನಿ. ನನಗೆ ಗೊತ್ತಿರುವ ಅಂಬಿಗರನ್ನು ಪರಿಚಯ ಮಾಡಿಸುತ್ತೇನೆ. ನನ್ನ ಹತ್ತಿರ ಎರಡು ಲೈಫ್ ಜಾಕೆಟ್ ಇವೆ, ತರುತ್ತೇನೆ. ಇನ್ನೆರಡು ನೀವು ಹೊಂದಿಸಿಕೊಳ್ಳಿ.