ಹಾಯಿದೋಣಿಗೆ ಹೊರಟಿದ್ದೀರಾ? ಹತ್ತಿ ಬಟ್ಟೆ ಮನೆಯಲ್ಲಿರಲಿ

ಪ್ರಶ್ನೆ: ಕೊಚ್ಚಿಯಲ್ಲಿರುವ ನಮ್ಮ ಭಾವ ಡಿಸೆಂಬರಿನಲ್ಲಿ ಒಂದು ಇಡೀ ದಿನ ಹಾಯಿದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರಂತೆ. ವಲಿಯಪರಂಬದಲ್ಲಿ ಹೌಸ್‌ಬೋಟ್ ಹತ್ತಿದ್ದು ಬಿಟ್ಟರೆ ನಮಗೆ ದೋಣಿಯ ಅನುಭವ ಇಲ್ಲ. ಏನು ಹಾಕಿಕೊಳ್ಳಬೇಕು, ಏನು ತೆಗೆದುಕೊಂಡು ಹೋಗಬೇಕು? ಅತ್ತೆಯೂ ಬರುತ್ತಾರೆ, ಅವರು ಉಡುವುದು ಸೀರೆ ಮಾತ್ರ.
– ಓದುಗರು, ಕುಂಬಳೆ

ಉತ್ತರ: ಹೌಸ್‌ಬೋಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ತಲೆ ಮೇಲೆ ಮಾಡು ಇರುತ್ತದೆ, ಕುರ್ಚಿ ಇರುತ್ತದೆ, ಚಹಾ ಬರುತ್ತದೆ. ಹಾಯಿದೋಣಿ ಗಾಳಿಗೆ ಒಂದು ಬದಿಗೆ ವಾಲಿಕೊಂಡೇ ಓಡುತ್ತದೆ, ನೀರು ಎರಚುತ್ತದೆ, ದಿಕ್ಕು ತಿರುಗಿಸುವಾಗೆಲ್ಲ ನೀವು ತಲೆ ತಗ್ಗಿಸಿಕೊಂಡು ಈ ಬದಿಯಿಂದ ಆ ಬದಿಗೆ ಸರಿಯಬೇಕು. ಹಾಯಿಯ ಕೆಳಗಿನ ಅಡ್ಡ ಕಂಬ ಆಗ ತಲೆಯ ಮಟ್ಟದಲ್ಲೇ ಹಾದು ಹೋಗುತ್ತದೆ. ಹಾಗಾಗಿ ಒದ್ದೆಯಾದರೂ ತೊಂದರೆ ಇಲ್ಲದ, ಹಗ್ಗಕ್ಕೆ ಸಿಕ್ಕಿಕೊಳ್ಳದ ಬಟ್ಟೆ ಬೇಕು.

ನಮ್ಮ ಸೆಕೆಗೆ ಹತ್ತಿಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ನೆಲದ ಮೇಲೆ ಅದು ನಿಜ. ದೋಣಿಯಲ್ಲಿ ಮಾತ್ರ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಉಪ್ಪು ಸೇರಿ ತೊಡೆ ಕಂಕುಳೆಲ್ಲ ಉರಿಯುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಮಕ್ಕಳು ಆಟಕ್ಕೆ ಹಾಕುವ ಪಾಲಿಯೆಸ್ಟರ್ ಜರ್ಸಿ ಇದೆ ಅಲ್ವಾ, ಉದ್ದ ತೋಳಿನದ್ದು, ಅದು ಸಾಕು. ಕೆಳಗೆ ಟ್ರ್ಯಾಕ್ ಪ್ಯಾಂಟ್. ಡಿಸೆಂಬರಿನಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಇರುತ್ತದೆ, ನಡುವೆ ಅದೂ ನಿಂತು ಬೆವರು ಇಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದ ಮೇಲೆ ಒದ್ದೆ ಮೈಗೆ ಚಳಿಯೇ ಹಿಡಿಯಬಹುದು. ತೆಳ್ಳಗಿನ ವಿಂಡ್‌ಚೀಟರ್ ಒಂದು ಚೀಲದಲ್ಲಿರಲಿ.

ಅತ್ತೆಯವರ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುವವನೇ. ಸೀರೆಯ ನೆರಿಗೆ ಹಗ್ಗಕ್ಕೆ ಸಿಕ್ಕಿಕೊಂಡರೆ ಅವರಿಗೆ ಮಾತ್ರ ಅಲ್ಲ, ದೋಣಿ ನಡೆಸುವವರಿಗೂ ಕಷ್ಟ, ನೀರಿಗೆ ಬಿದ್ದರೆ ಆರು ಗಜದ ಬಟ್ಟೆ ಕಾಲಿಗೇ ಸುತ್ತಿಕೊಳ್ಳುತ್ತದೆ. ಒಂದು ದಿನದ ಮಟ್ಟಿಗೆ ಚೂಡಿದಾರ್ ಹಾಕಲು ಒಪ್ಪಿಸಿ, ಶಾಲು ಬೇಡ. ಒಪ್ಪದಿದ್ದರೆ ಅವರು ದಡದಲ್ಲೇ ಇರುವುದು ಒಳ್ಳೆಯದು. ಉಂಗುರ, ಬಳೆ ಎಲ್ಲರೂ ತೆಗೆದಿಡಿ, ಓಡುವ ಹಗ್ಗಕ್ಕೆ ಉಂಗುರ ಸಿಕ್ಕಿದರೆ ಬೆರಳಿಗೇ ಪೆಟ್ಟು.

ಚಪ್ಪಲಿ ಜಾರುತ್ತದೆ, ಬರಿಗಾಲಿಗೆ ಕೊಕ್ಕೆ, ರಾಟೆ ತಾಗುತ್ತದೆ. ಶೂ ಹಾಕಿ. ಕಪ್ಪು ರಬ್ಬರಿನ ಅಡಿ ಬಿಳಿ ದೋಣಿಯ ಮೇಲೆ ಗೆರೆ ಎಳೆಯುತ್ತದೆ, ಭಾವನಿಗೆ ಸಿಟ್ಟು ಬರುತ್ತದೆ. ಗುರುತು ಬೀಳದ ಅಡಿಯ ಹಳೇ ಬ್ಯಾಡ್ಮಿಂಟನ್ ಶೂ ಇದ್ದರೆ ಹೊಸದು ಕೊಳ್ಳುವುದು ಸುಮ್ನೆ ದಂಡ.

ಬಿಸಿಲು ಮೇಲಿನಿಂದಲೂ ಬರುತ್ತದೆ, ನೀರಿಗೆ ಮತ್ತು ಬಿಳಿ ಹಾಯಿಗೆ ಬಿದ್ದು ಪಕ್ಕದಿಂದಲೂ ಬರುತ್ತದೆ. ಗಾಳಿಯಲ್ಲಿ ಅದು ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಕ್ರೀಮು ಹೊರಡುವ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಕಿವಿಯ ತುದಿ, ಕತ್ತಿನ ಹಿಂದೆ, ಪಾದದ ಮೇಲೆ ಮರೆಯಬೇಡಿ. ಟೊಪ್ಪಿಗೆ ದಾರ ಇರಬೇಕು, ಕನ್ನಡಕಕ್ಕೂ. ನಮ್ಮ ತೋಟದ ಮುಟ್ಟಾಳೆ ಫೋಟೋಗೆ ಚೆನ್ನಾಗಿರುತ್ತದೆ, ಮೊದಲ ಗಾಳಿಗೇ ಅರಬ್ಬೀ ಸಮುದ್ರ ಸೇರುತ್ತದೆ.

ಇನ್ನು ಲೈಫ್ ಜಾಕೆಟ್. ಮೇಲಿನದ್ದರಲ್ಲಿ ಏನಾದರೂ ತಪ್ಪಿದರೆ ಉರಿ, ಚಳಿ ಅಷ್ಟೇ, ಇದು ತಪ್ಪಿದರೆ ಜೀವಕ್ಕೇ ಕುತ್ತು. 2023ರ ಮೇ 7ರಂದು ತಾನೂರಿನಲ್ಲಿ ದೋಣಿ ಮಗುಚಿ 22 ಮಂದಿ ಹೋದದ್ದು ಮರೆತಿಲ್ಲ ಅಲ್ವಾ. ಮೂಲೆಯಲ್ಲಿ ರಾಶಿ ಹಾಕಿದ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಹತ್ತುವ ಮೊದಲೇ ಹಾಕಿ, ಪಟ್ಟಿ ಬಿಗಿದು, ಇನ್ನೊಬ್ಬರಿಂದ ಭುಜ ಹಿಡಿದು ಮೇಲಕ್ಕೆ ಎಳೆಸಿ ನೋಡಿ, ಅದು ಗಲ್ಲ ದಾಟಿ ಬಂದರೆ ನಿಮಗೆ ದೊಡ್ಡದು, ಬೇರೆ ಕೇಳಿ. ಜಾಕೆಟ್ಟಿನ ಒಳಗೆ ತೇಲಿಸುವ ಬಲ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ, 50 ಎಂದು ಬರೆದದ್ದು ಈಜು ಬಲ್ಲವರಿಗೆ, ಈಜು ಬಾರದವರಿಗೆ 100 ಅಥವಾ ಹೆಚ್ಚಿನದ್ದು ಬೇಕು. ಇದನ್ನು ಭಾವನ ಹತ್ತಿರ ಈಗಲೇ ಫೋನಿನಲ್ಲಿ ಕೇಳಿಬಿಡಿ, ಜೆಟ್ಟಿಯಲ್ಲಿ ನಿಂತು ಕೇಳಲು ಸಂಕೋಚ ಆಗುತ್ತದೆ.

ಪ್ರಶ್ನೆ: ನನಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ. ದೋಣಿ ಹತ್ತಬಹುದೇ? ಊಟಕ್ಕೆ ಏನು ಕಟ್ಟಿಕೊಳ್ಳಲಿ?
– ಓದುಗರು, ಮಂಜೇಶ್ವರ

ಉತ್ತರ: ಹತ್ತಬಹುದು. ಮಾತ್ರೆ ಯಾವುದು ಎಂದು ನಿಮ್ಮ ಡಾಕ್ಟರರನ್ನೇ ಕೇಳಿ, ಹೊರಡುವ ಮೊದಲೇ ನುಂಗಿ, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೆಚ್ಚಿನ ಮಾತ್ರೆಗಳಿಗೆ ನಿದ್ದೆ ಬರುತ್ತದೆ. ದೋಣಿಯ ಮಧ್ಯಕ್ಕೆ ಅಥವಾ ಹಿಂಭಾಗಕ್ಕೆ ಕೂತು ದೂರದ ದಡವನ್ನೇ ನೋಡಿ, ಫೋನ್ ನೋಡಬೇಡಿ. ಬಂದೇ ಬಂದರೆ ಗಾಳಿಗೆ ಬೆನ್ನು ಕೊಟ್ಟು ಬಗ್ಗಿ, ಇಲ್ಲದಿದ್ದರೆ ಎಲ್ಲರಿಗೂ ಪಾಲು ಸಿಗುತ್ತದೆ.

ಹೊಟ್ಟೆ ಖಾಲಿ ಇಡಬೇಡಿ, ಗೋಳಿಬಜೆಯೂ ಬೇಡ. ಒಂದು ಕೈಯಲ್ಲಿ ಹಿಡಿದು ತಿನ್ನುವಂತಹದ್ದು ಬೇಕು, ಚಟ್ನಿ ಸವರಿದ ಮೂಡೆ ಒಳ್ಳೆಯದು, ಸಾರು ಸಾಂಬಾರು ಬೇಡ. ಒಬ್ಬೊಬ್ಬರಿಗೆ ಎರಡು ಮೂರು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು. ನೇಂದ್ರ ಬಾಳೆಹಣ್ಣು ಧಾರಾಳ ಒಯ್ಯಿರಿ, ಆದರೆ ದೋಣಿಯಲ್ಲಿ ಬಾಳೆಹಣ್ಣು ಅಪಶಕುನ ಎನ್ನುವ ನಂಬಿಕೆ ವಿದೇಶದ ನಾವಿಕರಲ್ಲಿದೆ, ಅದನ್ನು ನಂಬುವವರು ಸಿಕ್ಕಿದರೆ ಚೀಲದಿಂದ ಹೊರಗೆ ತೆಗೆಯಬೇಡಿ.

ಪ್ರಶ್ನೆ: ಫೋನ್, ಕಾರಿನ ಕೀಲಿ ಏನು ಮಾಡುವುದು?
– ಓದುಗರು, ಉಪ್ಪಳ

ಉತ್ತರ: ರಿಮೋಟ್ ಇರುವ ಕೀಲಿ ದಡದಲ್ಲೇ ಯಾರಾದರೂ ನಂಬಿಕಸ್ಥರ ಕೈಯಲ್ಲಿರಲಿ. ಫೋನಿಗೆ ನೀರು ಹೋಗದ ಪೌಚ್ ತೆಗೆದುಕೊಳ್ಳಿ, ಮೊದಲು ಅದರೊಳಗೆ ಕಾಗದ ಹಾಕಿ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಟ್ರಾಲಿ ಬ್ಯಾಗ್ ತರಬೇಡಿ, ದೋಣಿಯಲ್ಲಿ ಅದನ್ನು ಇಡಲು ಜಾಗ ಇರುವುದಿಲ್ಲ.