ಈಜುಕೊಳಕ್ಕೆ ಹೋಗುವ ಮುಂಚೆ ಕೌಂಟರಿನಲ್ಲಿ ಕೇಳು

ತಂಗಿ, ನೀನು ಅಕ್ಕ ಎಂದು ಕರೆದೆಯಲ್ಲ, ಅದಕ್ಕೇ ಏಕವಚನದಲ್ಲೇ ಬರೆಯುತ್ತೇನೆ. ದಾವಣಗೆರೆ ಬಿಟ್ಟು ಮ್ಯಾಂಚೆಸ್ಟರಿಗೆ ಬಂದು ಎರಡು ತಿಂಗಳಾಯಿತು ಎಂದಿದ್ದೀಯ. ಏಳು ವರ್ಷದ ಮಗನಿಗೆ ಆಟಿಸಂ, ಮಿಕ್ಸಿ ತಿರುಗಿದರೆ ಸಾಕು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಜೊತೆಗೆ ಬಂದಿರುವ ಹರಿಹರದ ಅತ್ತೆಯವರಿಗೆ ಮಂಡಿನೋವು, ಕೋಲು ಬೇಕು. ಇವರಿಬ್ಬರನ್ನೂ ಇಲ್ಲಿನ ಸಾರ್ವಜನಿಕ ಈಜುಕೊಳಕ್ಕೆ ಕರೆದುಕೊಂಡು ಹೋಗಬಹುದಾ, ಒಳಗೆ ಹೇಗಿರುತ್ತದೆ, ಯಾರಾದರೂ ಏನಾದರೂ ಅಂದಾರಾ ಎಂದು ಕೇಳಿದ್ದೀಯ.

ಹೋಗಬಹುದು, ಹೋಗು. ಟಿಕೆಟ್ ದರ ಒಂದೊಂದು ಕಡೆ ಒಂದೊಂದು, ನೋಡಿಕೊಂಡರಾಯಿತು. ಅಂಗವಿಕಲರ ಜೊತೆಗೆ ಬರುವವರಿಗೆ ಬಹಳ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಇಷ್ಟು ವರ್ಷದಲ್ಲಿ ನನಗಂತೂ ಯಾರೂ ಏನೂ ಅಂದಿಲ್ಲ.

ನಾನು ಬಂದದ್ದು 2001ರಲ್ಲಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನ ಹುಡುಗಿ ನಿಜವಾದ ಮ್ಯಾಂಚೆಸ್ಟರಿಗೆ ಹೋದಳು ಎಂದು ಅಪ್ಪಾಜಿ ಪಿ.ಜೆ. ಬಡಾವಣೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಹತ್ತಿ ಗಿರಣಿಗಳಿಂದ ಬೆಳೆದ ಊರು ಎರಡೂ, ಗಿರಣಿಗಳ ಸದ್ದು ಅಡಗಿದ್ದೂ ಎರಡು ಕಡೆಯೂ. ಆ ಚಳಿಗಾಲದಲ್ಲೇ ಗೆಳತಿಯೊಬ್ಬಳು ಈಜುಕೊಳಕ್ಕೆ ಕರೆದುಕೊಂಡು ಹೋದಳು. ಹೊರಗೆ ಕೈ ಮರಗಟ್ಟುವ ಚಳಿ. ಒಳಬಾಗಿಲು ತಳ್ಳಿದ್ದೇ ತಡ, ಮುಖಕ್ಕೆ ಬಿಸಿ ಹಬೆ ಬಡಿಯಿತು, ಕನ್ನಡಕ ಪೂರ್ತಿ ಮಂಜಾಯಿತು. ಏನೂ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸಿತು. ನಿನ್ನ ಮಗನಿಗಾಗಿ ಹೇಳಬೇಕಾದ ಮೊದಲ ಸಂಗತಿಯೇ ಈ ಸದ್ದು.

ನೆಲ, ಗೋಡೆ ಎಲ್ಲ ಟೈಲ್ಸು, ಒಂದು ಕಡೆ ಗಾಜು, ಮೇಲೆ ಎತ್ತರದ ಸೂರು. ಒಂದು ಮಗು ಕಿರುಚಿದರೆ ಹತ್ತು ಮಕ್ಕಳು ಕಿರುಚಿದಂತೆ ಕೇಳುತ್ತದೆ. ಲಾಕರ್ ಬಾಗಿಲುಗಳು ಧಡಾರ್ ಎನ್ನುತ್ತವೆ. ಬಟ್ಟೆ ಬದಲಿಸುವ ಕಡೆ ಕೈ ಒಣಗಿಸುವ ಯಂತ್ರ, ಕೂದಲು ಒಣಗಿಸುವ ಯಂತ್ರ ಒಟ್ಟಿಗೆ ಶುರುವಾದರೆ ನಮ್ಮ ಮಿಕ್ಸಿ ಏನೂ ಅಲ್ಲ. ಷವರ್‌ಗಳಿಗೆ ನಲ್ಲಿ ತಿರುಗಿಸುವ ಹಿಡಿ ಇರುವುದು ಕಡಿಮೆ. ಗುಂಡಿ ಒತ್ತಿದರೆ ಸೂಜಿ ಚುಚ್ಚಿದ ಹಾಗೆ ನೀರು ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಅಲೆ ಎಬ್ಬಿಸುವ ಯಂತ್ರವಿರುವ ಕೊಳವಾದರೆ ಅಲೆ ಬರುವ ಮುಂಚೆ ಜೋರಾಗಿ ಸೈರನ್ ಕೂಗಿಸುತ್ತಾರೆ. ಅಂಥ ಕಡೆ ಈಗಲೇ ಹೋಗಬೇಡ. 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಮ್ಯಾಂಚೆಸ್ಟರ್ ಅಕ್ವಾಟಿಕ್ಸ್ ಸೆಂಟರ್ ನೋಡಲು ಚೆಂದ, 50 ಮೀಟರಿನ ಕೊಳ. ಅದು ಆಮೇಲಿರಲಿ, ಮೊದಲು ನಿಮ್ಮ ಬಡಾವಣೆಯ ಚಿಕ್ಕ ಕೊಳ ಸಾಕು.

ಸೀಟಿಯ ಬಗ್ಗೆ ಮನೆಯಲ್ಲೇ ಹೇಳಿ ಸಿದ್ಧಮಾಡು. ಈಜುವವರನ್ನು ನೋಡಿಕೊಳ್ಳುವ ಕಾವಲಿನವರು (ಲೈಫ್‌ಗಾರ್ಡ್) ಒಂದು ಸಲ ಚಿಕ್ಕದಾಗಿ ಊದಿದರೆ ಈಜುವ ಯಾರನ್ನೋ ಕರೆಯುತ್ತಿದ್ದಾರೆ ಎಂದರ್ಥ. ಉದ್ದಕ್ಕೆ ಊದಿದರೆ ಎಲ್ಲರೂ ಮೇಲೆ ಬರಬೇಕು. ಯಾಕೆ ಊದುತ್ತಾರೆ ಎಂದು ಗೊತ್ತಿದ್ದರೆ ಮಕ್ಕಳಿಗೆ ಅರ್ಧ ಹೆದರಿಕೆ ಹೋಗುತ್ತದೆ. ಕಿವಿಗೆ ಹಾಕುವ ದೊಡ್ಡ ಮಫ್ ಇದ್ದರೆ ನೀರಿನ ಅಂಚಿನವರೆಗೆ ಅದೇ ಇರಲಿ, ಆಮೇಲೆ ಈಜುವವರ ಇಯರ್‌ಪ್ಲಗ್.

ವಾಸನೆ ಕೂಡ ಗಾಢ. ಕ್ಲೋರಿನ್ ವಾಸನೆ ಜಾಸ್ತಿ ಇದ್ದರೆ ನೀರು ಶುದ್ಧ ಎಂದು ನಾನೂ ತಿಳಿದಿದ್ದೆ. ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮು ಇವು ಕ್ಲೋರಿನ್ ಜೊತೆ ಸೇರಿ ಆಗುವ ಕ್ಲೋರಮೈನ್‌ನಿಂದ ಆ ಘಾಟು, ಕಣ್ಣುರಿ. ಇಳಿಯುವ ಮುಂಚೆ ಸೋಪು ಹಾಕಿ ಮೈ ತೊಳೆಯಿರಿ ಎನ್ನುವುದು ಅದಕ್ಕೇ. ಹೋಗುವ ದಿನ ಯಾರ ತಲೆಗೂ ಎಣ್ಣೆ ಹಚ್ಚಬೇಡ.

ಎಂಟು ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರೂ ನೀರಿಗೆ ಇಳಿಯಬೇಕು, ಬಹುತೇಕ ಕಡೆ ಇದೇ ನಿಯಮ. ದಡದಲ್ಲಿ ಕೂತು ನೋಡುತ್ತೇನೆ ಎಂದರೆ ಬಿಡುವುದಿಲ್ಲ. ಚೂಡಿದಾರ, ಹತ್ತಿ ಬಟ್ಟೆ ನಡೆಯುವುದಿಲ್ಲ, ನೀರು ಕುಡಿದು ಭಾರವಾಗುತ್ತವೆ. ಮೈತುಂಬ ಮುಚ್ಚುವ ಈಜುಡುಗೆ ಸಿಗುತ್ತದೆ, ಅದು ಹಾಕಿಕೊಂಡವರನ್ನು ಯಾರೂ ತಿರುಗಿ ನೋಡುವುದಿಲ್ಲ. ಹೆಂಗಸರಿಗೆ ಮಾತ್ರ ಎಂದು ಸಮಯ ಇಡುವ ಕೊಳಗಳೂ ಇವೆ. ಲಾಕರಿಗೆ ಒಂದು ಪೌಂಡಿನ ನಾಣ್ಯ ಜೊತೆಗಿರಲಿ.

ದೊಡ್ಡ ಕೊಳದ ನೀರು ಸುಮಾರು 28 ಡಿಗ್ರಿ. ನಮಗೆ ಮೊದಲು ಇಳಿದಾಗ ಹಲ್ಲು ಕಟಕಟ ಎನ್ನುತ್ತದೆ. ಮಕ್ಕಳು ಕಲಿಯುವ ಚಿಕ್ಕ ಕೊಳ 30ರಿಂದ 32ರವರೆಗೆ ಇರುತ್ತದೆ, ಅತ್ತೆಯವರ ಮಂಡಿಗೂ ಅದೇ ಹಿತ.

ಇನ್ನು ನಾನು ಹೇಳಲೇಬೇಕಾದ ಮಾತು.

2008ರಲ್ಲಿ ಅಪ್ಪಾಜಿ ಆರು ತಿಂಗಳು ಇಲ್ಲಿದ್ದರು. ಅದಕ್ಕೆ ಎರಡು ವರ್ಷ ಹಿಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿರಲಿಲ್ಲ, ಗಾಲಿಕುರ್ಚಿ. ಬುಧವಾರ ಸಂಜೆ ನನ್ನ ಮಗನಿಗೆ ಈಜಿನ ಪಾಠ. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೆ. ನೋಡುವವರು ಕೂರುವ ಜಾಗಕ್ಕೂ ಕೊಳಕ್ಕೂ ನಡುವೆ ದೊಡ್ಡ ಗಾಜು. ಅಪ್ಪಾಜಿ ಕುರ್ಚಿಯನ್ನು ಗಾಜಿಗೆ ಒತ್ತಿಸಿ ನಿಲ್ಲಿಸು ಎನ್ನುತ್ತಿದ್ದರು. ಜಗಳೂರು ಕಡೆಯ ಹಳ್ಳಿಯಲ್ಲಿ, ತೋಟದ ಬಾವಿಯಲ್ಲಿ, ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತ ಈಜು ಅವರದು. ನೀರಿಗೇ ಬರವಿದ್ದ ಸೀಮೆಯಲ್ಲಿ ಆ ಬಾವಿ ತುಂಬಿದ ವರ್ಷಗಳನ್ನು ಬೆರಳಲ್ಲಿ ಎಣಿಸಿ ಹೇಳುತ್ತಿದ್ದರು. ಮೊಮ್ಮಗ ನೀರಿನಲ್ಲಿ ಕಾಲು ಬಡಿಯುವಾಗ ಇವರ ಬಲಗಾಲು ಕಾಲುಚೀಲದೊಳಗೆ ಅದೇ ಲಯಕ್ಕೆ ಅಲ್ಲಾಡುತ್ತಿತ್ತು. ಬಲ ಅಂಗೈ ಗಾಜಿನ ಮೇಲೆ. ಎದ್ದು ಬರುವಾಗ ಅಲ್ಲಿ ಐದು ಬೆರಳಿನ ಅಚ್ಚು ಉಳಿದಿರುತ್ತಿತ್ತು, ನಾನು ಸ್ವೆಟರಿನ ತೋಳಿನಿಂದ ಒರೆಸುತ್ತಿದ್ದೆ.

ಒಂದು ಬುಧವಾರ ಕೇಳಿದರು, "ಏನವ್ವಾ, ನನ್ನನ್ನ ಒಂದ್ಸಲ ಇಳಿಸ್ತಾರೇನು ಅಲ್ಲಿ?"

"ಇಲ್ಲಪ್ಪಾಜಿ, ಇಲ್ಲೆಲ್ಲ ಹಂಗೆ ಬಿಡಲ್ಲ" ಎಂದೆ.

ಯಾರನ್ನೂ ಕೇಳದೆ ಹಾಗೆಂದೆ. ಕೌಂಟರು ಹತ್ತು ಹೆಜ್ಜೆಯಲ್ಲಿತ್ತು. ಎಲ್ಲರೆದುರು ಇವರನ್ನು ಎತ್ತಿ ಇಳಿಸುವುದು ಹೇಗೆ, ಬಟ್ಟೆ ಬದಲಿಸುವುದು ಯಾರು, ನೋಡಿದವರು ಏನೆಂದುಕೊಂಡಾರು ಎಂದು ನನ್ನೊಳಗೇ ಲೆಕ್ಕ ಹಾಕಿ, ಊರವರ ಪರವಾಗಿ ನಾನೇ ಉತ್ತರ ಕೊಟ್ಟುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ. 2010ರಲ್ಲಿ ದಾವಣಗೆರೆಯಲ್ಲೇ ತೀರಿಕೊಂಡರು.

ಮರುವರ್ಷ ಅದೇ ಕೊಳದಲ್ಲಿ, ಅಪ್ಪಾಜಿಯ ವಯಸ್ಸಿನ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅಂಚಿನಲ್ಲಿ ನಿಲ್ಲಿಸಿದ ಕಂಬದಿಂದ ಮೆಲ್ಲಗೆ ನೀರಿಗೆ ಇಳಿಸುವುದನ್ನು ನೋಡಿದೆ. ಹಾಯಿಸ್ಟ್ ಎನ್ನುತ್ತಾರೆ. ನೀರು ಎದೆಮಟ್ಟಕ್ಕೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಕಾವಲಿನ ಹುಡುಗನನ್ನು ಇದು ಯಾವಾಗ ಬಂತು ಎಂದು ಕೇಳಿದೆ. ನಾನು ಕೆಲಸಕ್ಕೆ ಸೇರಿದಾಗಿನಿಂದಲೂ ಇದೆ, ಐದಾರು ವರ್ಷ ಆಯಿತು ಎಂದ. ಆ ಬುಧವಾರಗಳಲ್ಲೆಲ್ಲ ಗಾಜಿನ ಆಚೆ, ಮೂಲೆಯಲ್ಲಿ, ನೀಲಿ ಹೊದಿಕೆ ಹೊದ್ದು ನಿಂತಿದ್ದದ್ದು ಅದೇ. ಡಾಕ್ಟರು ಬೇಡ ಎನ್ನುತ್ತಿದ್ದರೋ ಏನೋ. ಅವರನ್ನೂ ನಾನು ಕೇಳಿರಲಿಲ್ಲ.

ಅದಕ್ಕೇ ತಂಗಿ, ಮಗನ ವಿಷಯ, ಅತ್ತೆಯವರ ವಿಷಯ ಎರಡನ್ನೂ ಬಾಯಿಬಿಟ್ಟು ಹೇಳು. ಮನೆ ಮಾತು ಹೊರಗೆ ಹಾಕಬಾರದು ಎಂದು ಬೆಳೆದವರು ನಾವು, ನನಗೆ ಗೊತ್ತಿದೆ. ಇಲ್ಲಿ ಹೇಳದಿದ್ದರೆ ಸಿಗುವುದಿಲ್ಲ. ಅವರು ಮಾಡುವುದು ದಯೆಯಿಂದಲೂ ಅಲ್ಲ, 2010ರ ಈಕ್ವಾಲಿಟಿ ಆಕ್ಟ್ ಎಂಬ ಇಲ್ಲಿನ ಸಮಾನತೆಯ ಕಾನೂನಿನ ಪ್ರಕಾರ ತಮ್ಮ ಕೈಲಾಗುವ ಅನುಕೂಲ ಮಾಡಿಕೊಡುವುದು ಅವರ ಕರ್ತವ್ಯ. ಮುಂಚಿನ ದಿನವೇ ಫೋನ್ ಮಾಡು. ಸಂಗೀತ ಹಾಕದ, ಜನ ಕಡಿಮೆ ಇರುವ ಸಮಯ ಯಾವುದು ಎಂದು ಕೇಳು. ಅದಕ್ಕೆಂದೇ ಒಂದು ಗಂಟೆ ಇಡುವ ಕೊಳಗಳಿವೆ. ನೀರಿನಲ್ಲಿ ಯಾರೂ ಇಲ್ಲದಿರುವಾಗ ಮಗನನ್ನು ಒಂದು ಸಲ ಸುಮ್ಮನೆ ಕರೆದುಕೊಂಡು ಬಂದು ತೋರಿಸಬಹುದಾ ಎಂದು ಕೇಳು. ಹಿಡಿಕಂಬಿ ಇರುವ ಅಗಲ ಮೆಟ್ಟಿಲಿದೆಯಾ, ಬರೀ ಏಣಿಯಾ ಎಂದು ಅತ್ತೆಯವರ ಸಲುವಾಗಿ ಕೇಳು. ಮಂಡಿನೋವಿನವರಿಗೆ ಏಣಿ ಬೇಡವೇ ಬೇಡ. ಒಳಗಿನ ಒದ್ದೆ ನೆಲದಲ್ಲಿ ಕೋಲು ಜಾರುತ್ತದೆ, ನೀರಿನ ಅಂಚಿನವರೆಗೆ ಕೊಳದವರದೇ ಗಾಲಿಕುರ್ಚಿ ಸಿಗುತ್ತದಾ ಎಂದೂ ಕೇಳು. ಚೇಂಜಿಂಗ್ ಪ್ಲೇಸಸ್ ಎಂಬ ದೊಡ್ಡ ಕೋಣೆಗಳೂ ಕೆಲವು ಕಡೆ ಇವೆ, ದೊಡ್ಡವರನ್ನೇ ಮಲಗಿಸಿ ಬಟ್ಟೆ ಬದಲಿಸುವ ಮಂಚ, ಎತ್ತುವ ಯಂತ್ರ ಎಲ್ಲ ಇರುತ್ತದೆ. ನಿಮಗೆ ಬೇಕಾಗಲಿಕ್ಕಿಲ್ಲ, ನನಗೆ ಬೇಕಾಗಿತ್ತು.

ಮಗನಿಗೆ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ತೆಗೆದುಕೊಳ್ಳಬಹುದು. 2016ರಲ್ಲಿ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದದ್ದು. ಕಣ್ಣಿಗೆ ಕಾಣದ ತೊಂದರೆ ಇದೆ ಎಂದು ಸಿಬ್ಬಂದಿಗೆ ಅದರಿಂದ ತಿಳಿಯುತ್ತದೆ. ಚಿತ್ರದುರ್ಗದ ದಾರಿಯ ಹೊಲಗಳಲ್ಲಿ ನೋಡುತ್ತಿದ್ದ ಹೂವೇ ಅದು, ನನಗಂತೂ ನೋಡಿದಾಗಲೆಲ್ಲ ಊರು ನೆನಪಾಗುತ್ತದೆ.

ಈ ಊರಿನಲ್ಲಿ ವಿಕ್ಟೋರಿಯಾ ಬಾತ್ಸ್ ಎಂಬ ಹಳೆಯ ಈಜುಕೊಳದ ಕಟ್ಟಡವಿದೆ, 1906ರದ್ದು, ನಮ್ಮ ಮಾರಿಕಣಿವೆ ಅಣೆಕಟ್ಟು ಮುಗಿಯುವುದಕ್ಕೆ ಒಂದು ವರ್ಷ ಮುಂಚೆ. ಗಂಡಸರಲ್ಲಿ ಮೊದಲ ದರ್ಜೆಯವರಿಗೆ ಒಂದು ಬಾಗಿಲು, ಎರಡನೇ ದರ್ಜೆಯವರಿಗೆ ಇನ್ನೊಂದು, ಹೆಂಗಸರಿಗೆ ಮತ್ತೊಂದು. ಆ ಬಾಗಿಲುಗಳ ಮೇಲೆ ಕೆತ್ತಿದ ಅಕ್ಷರ ಇನ್ನೂ ಇದೆ. ಒಂದು ದಿನ ಹೋಗಿ ನೋಡಿ ಬಾ.

ಮಗ ಮೊದಲ ದಿನ ನೀರಿಗೆ ಇಳಿಯದಿದ್ದರೆ ಇಳಿಸಬೇಡ. ಅಂಚಿನಲ್ಲಿ ಕಾಲು ಬಿಟ್ಟು ಕೂತು ಬರಲಿ. ಇಂಗ್ಲೆಂಡಿನ ಶಾಲೆಗಳಲ್ಲಿ ಪ್ರಾಥಮಿಕ ಮುಗಿಯುವಷ್ಟರಲ್ಲಿ 25 ಮೀಟರ್ ಈಜಲು ಬರಬೇಕು ಎಂದಿದೆ, ಅದಕ್ಕೆ ಇನ್ನೂ ನಾಲ್ಕು ವರ್ಷವಿದೆ. ನನ್ನ ಮಗ ಈಗ ಕೆರೆಯಲ್ಲೂ ಈಜುತ್ತಾನೆ. ನಾನು ಕಲಿತದ್ದು 46ನೇ ವಯಸ್ಸಿನಲ್ಲಿ. ನಮ್ಮ ಅಣ್ಣನಿಗೆ ಅಪ್ಪಾಜಿ ಕಲಿಸುವಾಗ ಬಾವಿಕಟ್ಟೆಯ ಮೇಲೆ ಬಟ್ಟೆ ಕಾಯುವುದು ನನ್ನ ಕೆಲಸವಾಗಿತ್ತು.

ಮೊದಲ ಸಲ ಹೋಗುವ ದಿನ ಹೇಳು, ಶನಿವಾರ ಒಂದು ಬಿಟ್ಟು ಯಾವತ್ತಾದರೂ ನಾನೂ ಬರುತ್ತೇನೆ. ಅತ್ತೆಯವರು ಹೊಳೆ ದಂಡೆಯ ಊರಿನವರಲ್ಲವೇ? ತುಂಗಭದ್ರೆಯಲ್ಲಿ ಈಜುತ್ತಿದ್ದರಾ ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳು. ನೀನು ಇನ್ನೂ ಕೇಳಿರಲಿಕ್ಕಿಲ್ಲ.